ಜಗಳದ ಅಳತೆ

ಗೌನು ಹ್ಯಾಂಗರಿನ ಮೇಲೆ ಇದ್ದಷ್ಟು ಹೊತ್ತು ಮಹಾರಾಣಿಯ ಹಾಗಿತ್ತು. ಅದನ್ನು ಹ್ಯಾಂಗರಿಗೇ ಮದುವೆ ಮಾಡಿ ಕಳಿಸಿದ್ದರೆ ಯಾರಿಗೂ ಯಾವ ತಾಪತ್ರಯವೂ ಇರುತ್ತಿರಲಿಲ್ಲ ಎಂದುಕೊಂಡಳು ದೊಡ್ಡಮ್ಮ. ಅದಕ್ಕೆ ತೋಳಿಲ್ಲ, ಭುಜದ ಮೇಲೆ ಒಂದು ಎಳೆ ಪಟ್ಟಿಯೂ ಇಲ್ಲ. ಎದೆಯ ಮೇಲೆ ಶುರುವಾಗಿ ನೆಲ ಗುಡಿಸುವವರೆಗೆ ಕೆನೆ ಬಣ್ಣದ ಬಟ್ಟೆ, ಒಳಗೆ ಏಳು ಪದರ ಲೈನಿಂಗು. ಇಷ್ಟು ಭಾರವನ್ನು ಹೊರುವುದು ಯಾರು ಎಂದು ಕೇಳಿದರೆ, "ಅದು ಹಾಗೇ ನಿಲ್ಲುತ್ತೆ ಆಂಟಿ" ಎಂದಿದ್ದಳು ಗೌನಿನ ಅಂಗಡಿಯವಳು. ಹಾಗೇ ನಿಲ್ಲುವುದು ಗೋಡೆ ಮಾತ್ರ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಂತಿರಲಿಲ್ಲ.

ಮದುಮಗಳು ದೊಡ್ಡಮ್ಮನ ತಂಗಿಯ ಮಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಚಟಪಟಿ ಎಂದು. ಬಾಯಿ ಜೋರೆಂದು ಆ ಹೆಸರು ಬಂದದ್ದಲ್ಲ, ಕೈ ಜೋರೆಂದು ಬಂದದ್ದು. ಅವಳ ಅಮ್ಮನಿಗೆ ತನ್ನ ಮೂರನೇ ವಯಸ್ಸಿನಿಂದಲೇ ಕಿವಿ ಕೇಳುವುದಿಲ್ಲ. ಆ ಮನೆಯ ಮಾತೆಲ್ಲ ಕೈಯಲ್ಲೇ. ಅದರಲ್ಲಿ ಅರ್ಧ ಮಾತನ್ನು ಅಕ್ಕತಂಗಿಯರಿಬ್ಬರೂ ಚಿಕ್ಕಂದಿನಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕೂತು ತಾವೇ ಹುಟ್ಟಿಸಿಕೊಂಡಿದ್ದರು. ಚಟಪಟಿ ಬಾಯಲ್ಲಿ ಅಮ್ಮಾ ಎನ್ನುವುದಕ್ಕೆ ಮುಂಚೆ ಕೈಯಲ್ಲಿ ಅಂದಿದ್ದಳು.

ಮದುವೆಗೆ ಇನ್ನು ಆರು ದಿನ. ಅಂಗಡಿಯ ಟ್ರಯಲ್ ರೂಮಿನಲ್ಲಿ ನಾಲ್ಕು ಜನ ಹೆಂಗಸರು ಇದ್ದರು: ದೊಡ್ಡಮ್ಮ, ತಂಗಿ, ಕನ್ನಡಿಯ ಮುಂದೆ ಚಟಪಟಿ, ಪಕ್ಕದಲ್ಲಿ ಗಂಡಿನ ಸೋದರತ್ತೆ. ಗೌನು ಸೋದರತ್ತೆಯ ಉಡುಗೊರೆ. ಉಡುಗೊರೆ ಕೊಟ್ಟವರಲ್ಲಿ ಎರಡು ಜಾತಿ. ಕೊಟ್ಟು ಮರೆಯುವವರು ಒಂದು, ಕೊಟ್ಟ ವಸ್ತುವಿನ ಜೊತೆ ತಾವೂ ಬರುವವರು ಇನ್ನೊಂದು. ಈಕೆ ಎರಡನೆಯವಳು.

ತಂಗಿ ಕೈಯಲ್ಲಿ ಕೇಳಿದಳು: "ಹಿಡಿಸಿತಾ?"

ಹಿಡಿಸಿತು ಎನ್ನುವುದಕ್ಕೆ ಅವರ ಮಾತಿನಲ್ಲಿ ಎರಡೂ ಕೈ ಕಿವಿಯವರೆಗೆ ಎತ್ತಿ ಹೂವಿನಂತೆ ಬಿಡಿಸಬೇಕು. ಚಟಪಟಿ ಎತ್ತಿದಳು. ಕೈ ಭುಜ ದಾಟುವ ಮೊದಲೇ ಗೌನು ಎರಡು ಬೆರಳಷ್ಟು ಜಾರಿತು. ಅವಳು ಸರಕ್ಕನೆ ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡು ನಿಂತಳು. ಸರಿಯಾಗಿ ಅದೇ ಗಳಿಗೆಗೆ ಸೋದರತ್ತೆ ಬಾಯಿ ತೆರೆದಳು.

"ಹಾಂ, ಹಾಗೇ ಇರಲಿ ಕೈ. ಅವತ್ತೂ ಹಾಗೇ ಕೆಳಗಿಟ್ಕೊಂಡಿರಮ್ಮ. ಸದಾ ಗಾಳೀಲಿ ಆಡಿಸ್ತಾ ಇದ್ರೆ ಫೋಟೋ ಚೆನ್ನಾಗಿ ಬರಲ್ಲ."

ತಂಗಿಗೆ ಕಿವಿ ಕೇಳಿಸದಿದ್ದರೇನು, ತುಟಿ ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆ ಮಾತು ಓದಿದಳು. ಮಗಳ ಕಡೆ ನೋಡಿದಳು. ಮಗಳ ಕೈ ಕೆಳಗಿದ್ದವು. ಎರಡಕ್ಕೆ ಎರಡು ಕೂಡಿಸಿದಳು, ಐದು ಬಂತು.

ಮನೆಗೆ ಬಂದ ಮೇಲೆ ಐದನ್ನು ಮಗಳ ಮುಂದಿಟ್ಟಳು. "ನಾನು ಕೊನೇ ಸಾಲಲ್ಲಿ ಕೂರ್ತೀನಿ. ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ನಿನ್ನ ಹೊಸ ಜನರ ಮುಂದೆ ಮರ್ಯಾದೆ ಉಳಿಯುತ್ತೆ."

"ಅಮ್ಮಾ, ಗೌನು ಜಾರ್ತಾ ಇತ್ತು!"

"ಹುಟ್ಟಿದಾಗಿಂದ ಆ ಕೈ ನೋಡ್ತಿದ್ದೀನಿ. ಬಚ್ಚಿಟ್ಕೊಂಡಾಗ ನನಗೆ ಗೊತ್ತಾಗುತ್ತೆ." ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡಳು. ಬೇರೆ ಮನೆಗಳಲ್ಲಿ ಸಿಟ್ಟು ಬಂದರೆ ಬಾಗಿಲನ್ನು ದಢಾರೆಂದು ಹಾಕಿಕೊಳ್ಳುತ್ತಾರೆ, ಆ ಮನೆಯಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದರ ಮೇಲೆ ಎಷ್ಟು ಬಡಿದರೂ ತೆರೆಯುವುದಿಲ್ಲ.

ಮರುದಿನ ಚಟಪಟಿ ದೊಡ್ಡಮ್ಮನ ಎದುರು ಬಂದು ಕೂತಳು.

"ಆ ಗೌನೇ ಬೇಡ ಅನ್ಲಾ ದೊಡ್ಡಮ್ಮ?"

"ನಿನಗೆ ಹಿಡಿಸಿದೆಯೋ ಇಲ್ವೋ, ಅದು ಹೇಳು."

"ತುಂಬಾ ಹಿಡಿಸಿದೆ. ದಿನಾ ಕತ್ತಿನವರೆಗೆ ಗುಂಡಿ ಹಾಕ್ಕೊಂಡು ಬಸ್ ಓಡಿಸ್ತೀನಿ. ಒಂದು ದಿನ ಭುಜಕ್ಕೆ ಗಾಳಿ ಬೇಡ್ವಾ? ಆದ್ರೆ ಅಮ್ಮನ ಜೊತೆ ಮಾತಾಡದೆ ಮದುವೆ ಆಗು ಅಂದ್ರೆ ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಒಳಗೆ ಹಿಡಿದುಕೊಳ್ಳೋದು ಏನಾದ್ರೂ ಬೇಕು. ನಡಿ, ಅಂಗಡಿಗಳಲ್ಲಿ ಏನಿಟ್ಟಿದ್ದಾರೋ ನೋಡೋಣ."

ಮೊದಲು ಹೋದದ್ದು ಗಾಜಿನ ಕಟ್ಟಡದ ಮೂರನೇ ಮಹಡಿಗೆ. ಒಂದಿಡೀ ಮಹಡಿ ತುಂಬ ಒಳಬಟ್ಟೆ. ಅಲ್ಲಿನ ಹುಡುಗಿ ಚ್ಯೂಯಿಂಗ್ ಗಮ್ ಜಗಿಯುತ್ತ ಚಟಪಟಿಯ ದಪ್ಪ ಸ್ವೆಟರಿನ ಮೇಲೆಯೇ ಟೇಪು ಸುತ್ತಿ ಒಂದು ನಂಬರು ಹೇಳಿದಳು. ಆ ನಂಬರು ಸ್ವೆಟರಿನದೋ ಸ್ವೆಟರಿನೊಳಗಿನವಳದೋ ಎಂದು ದೊಡ್ಡಮ್ಮ ಕೇಳಲು ಹೋಗಲಿಲ್ಲ. ಹುಡುಗಿ ಪಟ್ಟಿಯಿಲ್ಲದ ಬ್ರಾ ಒಂದನ್ನು ತಂದಳು. ಒಳಗೆ ರಬ್ಬರಿನ ಗೆರೆ, ಅದು ಮೈಯನ್ನು ಕಚ್ಚಿ ಹಿಡಿಯುತ್ತದಂತೆ.

ಟ್ರಯಲ್ ರೂಮಿನಲ್ಲಿ ದೊಡ್ಡಮ್ಮ ಅಂದಳು, "ಬಸ್ಸಿನಲ್ಲಿ ಜನಕ್ಕೆ ಏನು ಹೇಳ್ತೀಯೋ ಅದನ್ನ ಈಗ ಅಮ್ಮನಿಗೆ ಹೇಳೋ ಹಾಗೆ ಕೈಯಲ್ಲಿ ಹೇಳು."

ಚಟಪಟಿ ಹೇಳಿದಳು: "ಬಾಗಿಲ ಹತ್ರ ನಿಲ್ಲಬೇಡಿ, ಒಳಗೆ ಹೋಗಿ, ಒಳಗೆ ಹೋಗಿ!"

ಮೊದಲನೆಯ ಸಲಕ್ಕೆ ಬ್ರಾ ಅನುಮಾನಿಸಿತು. ಎರಡನೆಯ ಸಲಕ್ಕೆ, ಆ ಮಾತು ತನಗೇ ಹೇಳಿದ್ದೆಂದುಕೊಂಡು ಸೀದಾ ಹೊಟ್ಟೆಗೆ ಇಳಿಯಿತು.

"ಅವರು ತುಂಬಾ ಅಲ್ಲಾಡ್ತಾರೆ ಆಂಟಿ" ಎಂದಳು ಅಂಗಡಿಯ ಹುಡುಗಿ, ಪರದೆಯ ಸಂದಿಯಿಂದ.

"ಅಲ್ಲಾಡದವರಿಗೆ ಬ್ರಾ ಯಾಕಮ್ಮ? ಕಂಬಕ್ಕೆ ತೊಡಿಸ್ತೀಯಾ?"

ಕುಣಿಯಲಾರದವಳು ನೆಲ ಡೊಂಕು ಎನ್ನುವುದನ್ನು ದೊಡ್ಡಮ್ಮ ಬೇಕಾದಷ್ಟು ಕೇಳಿದ್ದಳು. ನೆಲವೇ ಎದ್ದು, ಕುಣಿಯುವವಳೇ ಡೊಂಕು ಎಂದದ್ದು ಇದೇ ಮೊದಲು.

ಎರಡನೆಯ ಅಂಗಡಿಯಲ್ಲಿ ಅಂಟಿಸಿಕೊಳ್ಳುವ ಬಟ್ಟಲುಗಳಿದ್ದವು. ಪಟ್ಟಿಯಿಲ್ಲ, ಹುಕ್ಕಿಲ್ಲ, ಹಿಂದೆ ಗೋಂದು. ಎದೆಗೆ ಎರಡು ಸ್ಟಾಂಪು ಅಂಟಿಸಿ ಅಂಚೆಗೆ ಹಾಕುವ ಹಾಗೆ. ಮಾರುವವಳು ಗೌರವಸ್ಥಳು, ನಿಜ ಹೇಳಿದಳು: ಬೆವರಬಾರದು, ಎಣ್ಣೆ ಹಚ್ಚಬಾರದು, ತೀರ ನಗಬಾರದು. ಮದುವೆಯ ದಿನ ಬೆವರದೆ, ನಗದೆ, ಅಲ್ಲಾಡದೆ ಮಲಗಿರುವುದು ಹೆಣ ಮಾತ್ರ, ಅದಕ್ಕೆ ಗೌನು ಜಾರುವ ಭಯವೂ ಇಲ್ಲ ಎಂದು ದೊಡ್ಡಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಆದರೂ ನೋಡಿದ್ದಾಯಿತು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ, ಒಂದನ್ನು ಕೂರಿಸಿದರೆ ಇನ್ನೊಂದು ಹಾರಿತು.

ಮೂರನೆಯ ಕಡೆ ಎದೆಯಿಂದ ಮಂಡಿಯವರೆಗೆ ಬಿಗಿಯುವ ಒಂದು ಚೀಲ ಕೊಟ್ಟರು. ಅದರೊಳಗೆ ಹೋಗಲು ಕಾಲು ಗಂಟೆ ಹಿಡಿಯಿತು, ಹೊರಗೆ ಬರಲು ಇಬ್ಬರು ಎಳೆಯಬೇಕಾಯಿತು. ಅದು ಜಾರಲಿಲ್ಲ, ಅಷ್ಟು ಮಟ್ಟಿಗೆ ಯೋಗ್ಯವೇ. ಚಟಪಟಿಗೆ ಉಸಿರೂ ಆಡಲಿಲ್ಲ, ಅಷ್ಟೇ.

"ಮೂತ್ರಕ್ಕೆ ಹೋಗೋದು ಹೇಗೆ?" ಎಂದು ದೊಡ್ಡಮ್ಮ ಕೇಳಿದ್ದಕ್ಕೆ, "ಅವತ್ತು ನೀರು ಕಡಿಮೆ ಕುಡಿಯೋಕೆ ಹೇಳಿ" ಎಂದು ಉತ್ತರ ಬಂತು. ನೋಡಿ, ಎಲ್ಲಕ್ಕೂ ಮದ್ದುಂಟು ಇವರಲ್ಲಿ. ಮದುಮಗಳು ಕುಡಿಯಬಾರದು, ನಗಬಾರದು, ಬೆವರಬಾರದು, ಕೈ ಎತ್ತಬಾರದು. ಬಟ್ಟೆಯನ್ನು ಹೆಂಗಸಿಗೆ ಹೊಂದಿಸುವುದು ಕಷ್ಟವಾದಾಗ ಹೆಂಗಸನ್ನೇ ಕತ್ತರಿಸಿಬಿಡುವುದು ಸುಲಭದ ದಾರಿ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಚಟಪಟಿ ಅತ್ತಳು. "ಅಮ್ಮ ಇವತ್ತೂ ನನ್ನ ಮುಖ ನೋಡ್ಲಿಲ್ಲ ದೊಡ್ಡಮ್ಮ. ಕಾಫಿ ಲೋಟ ಇಟ್ಟು ಹಾಗೇ ತಿರುಗಿಬಿಟ್ಳು."

"ಅಳು ಮುಗಿಸು. ನಾಳೆಯಿಂದ ನಾನೇ ಹೊಲೀತೀನಿ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ ಅದಕ್ಕೂ ಕಾರಣವಿತ್ತು. ದೊಡ್ಡಮ್ಮ ಮೂವತ್ತೊಂದು ವರ್ಷ ಹೊಲಿದದ್ದು ರೋಗಿಗಳ ಬೆಲ್ಟು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಆರು ಮಿಷನ್ನಿನ ಒಂದು ಕಾರ್ಖಾನೆ. ಬೆನ್ನು ಮುರಿದವರಿಗೆ, ಹೊಟ್ಟೆ ಕೊಯ್ಯಿಸಿಕೊಂಡವರಿಗೆ, ಕರುಳು ಇಳಿದವರಿಗೆ ಅಲ್ಲಿ ಬೆಲ್ಟು ತಯಾರಾಗುತ್ತಿತ್ತು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ. ಮೈಯನ್ನು ಮಾತ್ರ ಓದಬಲ್ಲಳು. ಮೈಯ ಮೇಲೆ ಯಾವ ಭಾರವಾದರೂ ನಿಲ್ಲಬೇಕಾದರೆ ಅದು ಸೊಂಟದ ಮೇಲೆ ಕೂರಬೇಕು. ಕೊಡವನ್ನು ಎದೆಯ ಮೇಲಿಟ್ಟುಕೊಂಡು ಹೋಗುವವರನ್ನು ಯಾರೂ ಕಂಡಿಲ್ಲ. ಇಷ್ಟು ತಿಳಿದುಕೊಳ್ಳಲು ಗಾಜಿನ ಕಟ್ಟಡ ಬೇಕಾಗಿಲ್ಲ. ಆದರೆ ಮದುವೆಯ ಬಟ್ಟೆಯೊಳಗೆ ರೋಗಿಯ ಬೆಲ್ಟೇ ಎಂದು ಜನ ಮೂಗು ಮುರಿಯುತ್ತಾರೆಂದು ಸುಮ್ಮನಿದ್ದಳು. ಅವಳಿಗೂ ಒಂದಿಷ್ಟು ಮಾನ ಇತ್ತು.

ಸುದ್ದಿ ಹೇಗೋ ಸೋದರತ್ತೆಯ ಕಿವಿಗೆ ಬಿತ್ತು. ಫೋನು ಬಂತು.

"ಏನೋ ಆಸ್ಪತ್ರೆ ಬೆಲ್ಟು ಹೊಲಿದು ಹಾಕ್ತೀರಂತೆ ಗೌನಿಗೆ? ಅಷ್ಟು ಒಳ್ಳೇ ಗೌನು. ಆಪರೇಷನ್ ಆಗಿ ಎದ್ದು ಬಂದವಳ ಹಾಗೆ ಕಾಣಿಸಲ್ವಾ?"

"ಒಳಗಿರೋದು ಕಾಣಲ್ಲ ತಾಯಿ. ನಮ್ಮ ನಿಮ್ಮ ಮನಸ್ಸಿನೊಳಗಿರೋದು ಯಾವತ್ತಾದ್ರೂ ಫೋಟೋದಲ್ಲಿ ಬಂದಿದೆಯಾ?"

ಸೋದರತ್ತೆ ಫೋನು ಕುಕ್ಕಿದಳು.

ದೊಡ್ಡಮ್ಮ ನಾಲ್ಕು ಬೆರಳಗಲದ ಗಟ್ಟಿ ಪಟ್ಟಿ ತೆಗೆದುಕೊಂಡಳು. ಚಟಪಟಿಯನ್ನು ನಿಲ್ಲಿಸಿ, ಕೂರಿಸಿ, ಹೊಟ್ಟೆ ತುಂಬ ಉಣ್ಣಿಸಿ ಮತ್ತೆ ಕೂರಿಸಿ ಅಳತೆ ತೆಗೆದಳು. ಸೊಂಟಕ್ಕೆ ಪಟ್ಟಿ, ಮುಂದೆ ಮೂರು ಹುಕ್ಕು. ಅದರಿಂದ ಮೇಲಕ್ಕೆ ಎಂಟು ಚಪ್ಪಟೆ ಕಡ್ಡಿ, ಕಡ್ಡಿಗಳ ನಡುವೆ ಎರಡು ಪದರ ಬಟ್ಟೆಯ ಬಟ್ಟಲು. ಗೌನಿನ ಕೆಳಗಿನ ಘೇರನ್ನೆಲ್ಲ ಒಳಗಿನಿಂದ ಪಟ್ಟಿಗೇ ಟಾಕು ಹಾಕಿ ಹೊಲಿದಳು. ಮೊದಲು ಪಟ್ಟಿ ಬಿಗಿಯುವುದು, ಆಮೇಲೆ ಗೌನಿನ ಜಿಪ್ಪು. ಎಲ್ಲ ಆದ ಮೇಲೆ ಚಟಪಟಿ ಅದನ್ನು ತೊಟ್ಟು ಕೋಣೆಯಲ್ಲಿ ನಾಲ್ಕು ಸುತ್ತು ಬಂದಳು, ಕೈಯಾಡಿಸುತ್ತ ಹರಟಿದಳು. ಗೌನಿನ ಅಂಚು ಕೂದಲೆಳೆಯಷ್ಟೂ ಅಲುಗಲಿಲ್ಲ. ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ಗಾಜಿನ ಕಟ್ಟಡದವರು ಬಂದು ನೋಡಬೇಕಿತ್ತು ಎಂದು ಬಾಯಿಬಿಟ್ಟೇ ಅಂದಳು.

ಅಷ್ಟರಲ್ಲಿ ಚಟಪಟಿ ಕಿಟಕಿಯಿಂದ ಬೀದಿಗೆ ನೋಡಿದಳು. ಕೆಳಗೆ ಅವಳ ಅಮ್ಮ ತರಕಾರಿ ಚೀಲ ಹಿಡಿದು ಹೋಗುತ್ತಿದ್ದಳು. ಕೂಗಿದರೆ ಕೇಳುವವಳಲ್ಲ. ಚಟಪಟಿ ಎರಡೂ ತೋಳನ್ನು ತಲೆಯ ಮೇಲೆ ಚಾಚಿ, ಪಕ್ಕೆ ಹಿಗ್ಗಿಸಿ, ತುದಿಗಾಲಲ್ಲಿ ನಿಂತು ಬೀಸಿದಳು. ಬೆನ್ನ ಹಿಂದೆ ಪಟ್ ಪಟ್ ಎಂದು ಟಾಕು ಹಾರಿದವು. ಪಟ್ಟಿ ಮೇಲಕ್ಕೆ ಸರಿಯಿತು, ಗೌನು ಕೆಳಕ್ಕೆ ಸರಿಯಿತು. ಬೀದಿಯಲ್ಲಿದ್ದವಳು ತಲೆ ಎತ್ತಲಿಲ್ಲ.

ದೊಡ್ಡಮ್ಮನಿಗೆ ಆಗ ತಿಳಿಯಿತು. ತನ್ನ ಜೊತೆ ಚಟಪಟಿ ಮಾತಾಡುವುದು ಬಾಯಲ್ಲಿ, ಕೈ ಅದಕ್ಕೆ ತಾಳ ಹಾಕುತ್ತದೆ, ಎದೆಯ ಮಟ್ಟ ದಾಟುವುದಿಲ್ಲ. ಅಮ್ಮನ ಜೊತೆಗಾದರೆ ಆ ಕೈ ಸೂರು ಮುಟ್ಟುತ್ತವೆ. ಗೌನಿನ ಅಂಗಡಿಯವಳು "ಅಲುಗಬೇಡಿ" ಎಂದು ನಿಲ್ಲಿಸಿ ಅಳೆದಳು. ಅವಳನ್ನು ಮನಸ್ಸಿನಲ್ಲೇ ಬೈದುಕೊಂಡ ತಾನೂ ಅಮ್ಮನ ಜೊತೆ ಮಾತಾಡದಿರುವ ಮದುಮಗಳನ್ನೇ ಅಳೆದಿದ್ದಳು. ಮೂವತ್ತೊಂದು ವರ್ಷ ಮಿಷನ್ನು ತುಳಿದ ಕತ್ತೆ ನಾನು ಎಂದು ತನಗೆ ತಾನೇ ಹೇಳಿಕೊಂಡಳು. ಮಿಕ್ಕವರ ಮೇಲಿದ್ದ ತಾತ್ಸಾರದಲ್ಲಿ ತನ್ನ ಪಾಲನ್ನೂ ಎತ್ತಿಕೊಂಡದ್ದಾಯಿತು.

ಇನ್ನು ಉಳಿದದ್ದು ಎರಡು ದಿನ. ಅಮ್ಮ ಮಗಳು ಮಾತಾಡುವಾಗ ಅಳೆಯಬೇಕು, ಅಮ್ಮನೋ ಕಣ್ಣು ಮುಚ್ಚಿ ಕೂತಿದ್ದಾಳೆ.

ದೊಡ್ಡಮ್ಮ ತಂಗಿಯ ಮನೆಗೆ ಹೋಗಿ, ಅವಳ ಹೆಗಲು ಹಿಡಿದು ತಿರುಗಿಸಿ ಹೇಳಿದಳು, "ಗುಂಡುಸೂಜಿ ಹಿಡ್ಕೊಳ್ಳೋಕೆ ಒಬ್ರು ಬೇಕು. ನನ್ನ ಕೈ ನಡುಗುತ್ತೆ. ಬಾ."

"ಸೂಜಿ ಮಾತ್ರ ಹಿಡೀತೀನಿ."

"ಇನ್ನೇನು ಹಿಡೀತೀಯಾ ನೀನು, ಹಟ ಒಂದು ಬಿಟ್ಟು. ನಡಿ."

ಬಂದಳು. ಸೂಜಿಯ ಡಬ್ಬಿ ಹಿಡಿದು ಬೀರುವಿನ ಕಡೆ ಮುಖ ಮಾಡಿ ನಿಂತಳು. ಈ ಕಡೆ ಚಟಪಟಿ ಬರೀ ಪಟ್ಟಿ ಬಿಗಿದುಕೊಂಡು, ಅದರ ಮೇಲೆ ಟಾಕು ಬಿಚ್ಚಿದ ಗೌನನ್ನು ನಾಲ್ಕು ಸೂಜಿಯಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. ದೊಡ್ಡಮ್ಮ ಸೀಮೆಸುಣ್ಣ ಕೈಗೆ ತೆಗೆದುಕೊಂಡು ತಂಗಿಯನ್ನು ಈಚೆಗೆ ತಿರುಗಿಸಿದಳು. ಇಬ್ಬರ ನಡುವೆ ನಿಂತು, ಬೆಂಕಿಕಡ್ಡಿ ಗೀರುವ ಹಾಗೆ ಕೈಯಲ್ಲಿ ಹೇಳಿದಳು:

"ಇವಳಿಗೆ ನಿನ್ನ ಕಂಡ್ರೆ ನಾಚಿಕೆಯಂತೆ. ಹೌದಂತೆ, ಒಪ್ಕೊಂಡ್ಳು."

"ನಾನೆಲ್ಲಿ ಒಪ್ಕೊಂಡೆ!" ಚಟಪಟಿಯ ಎರಡೂ ಕೈ ಆಕಾಶಕ್ಕೆ ಹೋದವು.

"ನೋಡಿದ್ಯಾ!" ಸೂಜಿಯ ಡಬ್ಬಿ ಎಲ್ಲಿ ಹಾರಿತೋ. "ನನಗೆ ಗೊತ್ತಿತ್ತು! ಆ ಹೆಂಗಸು ಕೈ ಇಳಿಸು ಅಂದ್ಳು, ನೀನು ಇಳಿಸಿದೆ!"

"ಅವಳು ಅಂದದ್ದು ನನಗೆ ಬೇಕಾಗೇ ಇರಲಿಲ್ಲ! ನನ್ನ ಎದೆ ಬೀಳ್ತಾ ಇತ್ತು, ಎದೆ!" ಎರಡು ತುಂಬಿದ ಕೊಡ ಜಾರುವಾಗ ಹಿಡಿದುಕೊಳ್ಳುವವಳ ಹಾಗೆ ತೋರಿಸಿದಳು.

"ಸುಳ್ಳಿ! ಎರಡನೇ ಕ್ಲಾಸಲ್ಲಿ ಸ್ಕೂಲ್ ಗೇಟಿನ ಹಿಂದೆ ಬಚ್ಚಿಟ್ಕೊಂಡಿದ್ದೆ. ನಾನು ಕೈಯಲ್ಲಿ ಕರೆದೆ. ನಿನ್ನ ಗೆಳತಿಯರು ನಕ್ಕರು. ನೀನು ಬರಲಿಲ್ಲ. ನಾನು ನೋಡಿದೆ."

ದೊಡ್ಡಮ್ಮ ಮಂಡಿಯೂರಿ ಚಟಪಟಿಯ ಪಕ್ಕೆಯ ಸುತ್ತ ಗುರುತು ಹಾಕುತ್ತಿದ್ದಳು. ಸೀಮೆಸುಣ್ಣ ಅಲ್ಲೇ ನಿಂತಿತು. ಈ ಗೇಟಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ತಂಗಿ ಅದನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದಳೋ.

ಚಟಪಟಿಯ ಕೈ ನಿಧಾನವಾದವು. ಆದರೆ ಕೆಳಗಿಳಿಯಲಿಲ್ಲ.

"ಹೌದು. ಅವತ್ತು ನಾಚಿಕೆ ಆಗಿತ್ತು. ಏಳು ವರ್ಷ ಅಮ್ಮ ನನಗೆ. ಮನೆಗೆ ಬಂದು ಹೊದಿಕೆಯೊಳಗೆ ಅತ್ತೆ. ನಿನಗೆ ಕೇಳಿಸಲಿಲ್ಲ." ಉಸಿರೆಳೆದುಕೊಂಡಳು. ಆಮೇಲೆ ಕೈ ಮತ್ತೆ ಬೀಸಿ ಎದ್ದವು. "ಈಗ ನನಗೆ ಇಪ್ಪತ್ತೊಂಬತ್ತು! ಊರೆಲ್ಲ ನೋಡೋ ಹಾಗೆ ಬಸ್ಸಿನ ಗಾಜಿನೊಳಗಿಂದ ನಿನ್ನ ಜೊತೆ ಜಗಳ ಆಡ್ತೀನಿ! ಹಿಂದೆ ಜನ ಹಾರ್ನ್ ಹೊಡೀತಾರೆ! ಯಾವತ್ತು ಬಚ್ಚಿಟ್ಟೆ ಹೇಳು, ಯಾವತ್ತು!"

ಕೊನೆಯ 'ಯಾವತ್ತು'ಗೆ ನಾಲ್ಕೂ ಸೂಜಿ ಕಿತ್ತು ಬಂದವು. ಕೆನೆ ಬಣ್ಣದ ಗೌನು ಏಳು ಪದರ ಸಮೇತ ದೊಪ್ಪನೆ ನೆಲಕ್ಕೆ ಬಿತ್ತು. ಚಟಪಟಿ ಅದರ ನಡುವೆ ಬರೀ ಬೆಲ್ಟು, ಚಡ್ಡಿಯಲ್ಲಿ ನಿಂತಿದ್ದಳು. ಬಗ್ಗಿ ಎತ್ತಿಕೊಳ್ಳಲಿಲ್ಲ, ಮುಚ್ಚಿಕೊಳ್ಳಲಿಲ್ಲ. ಎರಡೂ ಕೈ ತಲೆಯ ಮೇಲೇ ಇದ್ದವು, ಉತ್ತರಕ್ಕೆ ಕಾಯುತ್ತ.

ತಂಗಿ ನೆಲದ ಮೇಲಿನ ಗೌನನ್ನು ನೋಡಿದಳು. ಮೇಲಿನ ಕೈಗಳನ್ನು ನೋಡಿದಳು. ಲೆಕ್ಕ ಮತ್ತೆ ಹಾಕಿದಳೆಂದು ಕಾಣುತ್ತದೆ. ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ನಗುವೆಂದು ಮನೆಯವರಿಗೆ ಮಾತ್ರ ಗೊತ್ತಾಗುವಂಥ ಸದ್ದು.

"ಇದು ಇಷ್ಟು ಸುಲಭಕ್ಕೆ ಬೀಳುತ್ತಾ?" ಕೈಯಲ್ಲಿ ಕೇಳಿದಳು.

"ಅದನ್ನೇ ಅಲ್ವಾ ನಾನು ನಾಲ್ಕು ದಿನದಿಂದ ಬಡ್ಕೊಳ್ತಾ ಇರೋದು!"

"ನಿಲ್ಲಿಸ್ಬೇಡ್ರೇ!" ಎಂದು ದೊಡ್ಡಮ್ಮ ಬಾಯಲ್ಲೂ ಕೈಯಲ್ಲೂ ಒಟ್ಟಿಗೆ ಕೂಗಿದಳು. "ಬೆನ್ನಿನ ಅಳತೆ ಬಾಕಿ ಇದೆ. ಇನ್ನೂ ಸ್ವಲ್ಪ ಜಗಳ ಆಡಿ!"

ಆಡಿದರು. ವಿಷಯಕ್ಕೇನು ಬರ? ಸೋದರತ್ತೆಯ ಮೇಲೆ ಅರ್ಧ ಗಂಟೆ ಮಾತಾಡಿದರು. ಅವಳು ನಡೆಯುವ ರೀತಿ, ಅವಳು ಮೂಗಿನಿಂದ ನಗುವ ರೀತಿ, ಎಲ್ಲಕ್ಕೂ ಬಾಗಬೇಕು, ಚಾಚಬೇಕು, ತಿರುಗಬೇಕು. ಬೆನ್ನಿನ ಅಳತೆ ಬಂಗಾರದಂಥದು ಸಿಕ್ಕಿತು. ದೊಡ್ಡಮ್ಮ ಪಟ್ಟಿಯ ಹಿಂಭಾಗ ಬಿಚ್ಚಿ ಎರಡು ಬೆರಳಗಲ ಎಲಾಸ್ಟಿಕ್ ಕೂಡಿಸಿದಳು. ಪಕ್ಕೆಯ ಕಡ್ಡಿಗಳನ್ನು ಓರೆಯಾಗಿ ಕೂರಿಸಿದಳು, ಪಕ್ಕೆ ಹಿಗ್ಗಿದಾಗ ಅವೂ ಬೀಸಣಿಗೆಯಂತೆ ಹಿಗ್ಗುವ ಹಾಗೆ. ಇಂಥ ಬೆಲ್ಟನ್ನು ಅವಳು ಯಾವ ರೋಗಿಗೂ ಹೊಲಿದಿರಲಿಲ್ಲ. ಪಾಪ, ರೋಗಿಗಳಿಗೆ ಜಗಳಕ್ಕೆ ಶಕ್ತಿ ಎಲ್ಲಿರುತ್ತದೆ.

ಮದುವೆಯ ಹಾಲಿನಲ್ಲಿ ಗೋಡೆಯಿಂದ ಗೋಡೆಯವರೆಗೆ ಸಾಲುಸಾಲು ಮಡಿಸುವ ಕುರ್ಚಿ. ಗಂಡಿನ ಕಡೆಯಿಂದ ಭಾಷಣಕ್ಕೆ ಎದ್ದವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಮೈಕು ಕೈಗೆ ಸಿಕ್ಕಿದ್ದೇ ಸೋದರತ್ತೆ ತನ್ನ ಮನೆತನ, ತನ್ನ ಅಣ್ಣ, ತಾನು ಆರಿಸಿದ ಗೌನು ಎಂದು ಒಂದೊಂದಾಗಿ ಹೊಗಳುತ್ತ ಹೋದಳು. ಮುನ್ನೂರು ಜನ ಬಾಯಿ ಮುಚ್ಚಿಕೊಂಡು ಕೂತಿದ್ದರು. ಮಾತಾಡುತ್ತಿದ್ದವರು ಇಬ್ಬರೇ. ವೇದಿಕೆಯ ಮೇಲೆ ಮಗಳು, ಮೊದಲ ಸಾಲಿನ ಮಧ್ಯದಲ್ಲಿ ಅಮ್ಮ.

"ಎಷ್ಟು ಹೊತ್ತು ಕೊರೀತಾಳೆ ಇವಳು?"

"ಇನ್ನೂ ಅಜ್ಜನ ಕಾಲದಲ್ಲಿದ್ದಾಳೆ ಅಮ್ಮ. ನಾನು ಹುಟ್ಟೋಕೇ ಇನ್ನೂ ಟೈಮಿದೆ."

ಮಗಳ ತೋಳು ಬರಿ ಭುಜದಿಂದ ಎದ್ದು ತಲೆಯ ಮೇಲೆ ಹೋಗಿ ಬಂದವು. ಮದುಮಗ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಆ ಹುಡುಗನಿಗೆ ಅಷ್ಟು ತಿಳಿವಳಿಕೆ ಇತ್ತು. ದೊಡ್ಡಮ್ಮ ಮುಖ ನೋಡಲಿಲ್ಲ, ಗೌನಿನ ಮೇಲಂಚನ್ನೇ ನೋಡುತ್ತಿದ್ದಳು. ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿತ್ತು.

ತಂಗಿ ಕೇಳಿದಳು: "ಸೊಂಟ ನೋಯ್ತಿದೆಯಾ?"

"ಪ್ರಾಣ ಹೋಗ್ತಿದೆ."

"ಅಕ್ಕ ಯಾವಾಗಲೂ ಹಾಗೇ ಬಿಗೀತಾಳೆ. ನನ್ನ ಜಡೇನೂ ಹಾಗೇ ಬಿಗೀತಿದ್ಳು."

ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಮುನ್ನೂರು ಜನರ ಎದುರಿಗೆ ತನ್ನ ಹೊಲಿಗೆಯನ್ನು ಹೀಗೆ ಹಳಿಯುತ್ತಿದ್ದಾರೆ, ಒಬ್ಬರಿಗೂ ಕೇಳಿಸುತ್ತಿಲ್ಲ. ಅವಳು ಕುರ್ಚಿ ಬಿಟ್ಟು ಎದ್ದು, ಎರಡೂ ತೋಳು ಎತ್ತಿ, ಆ ಬಿಗಿತ ಎಂಥದು, ಅದರಿಂದ ಯಾರಿಗೂ ಯಾವತ್ತೂ ನೋವಾಗುವುದಿಲ್ಲ, ಕೃತಜ್ಞತೆಯೆಂಬುದು ಈ ಮನೆಯಲ್ಲಿ ಯಾರಿಗೂ ಹುಟ್ಟಿ ಬಂದಿಲ್ಲ ಎಂದು ವಿವರವಾಗಿ ಹೇಳತೊಡಗಿದಳು. ಅವಳ ಅಂಗಿಯ ಕಂಕುಳು ಪರ್ರೆಂದು ಹರಿಯಿತು. ಹಿಂದಿನ ಸಾಲಿನವರು ನೋಡಿದರು. ಅವಳಿಗೆ ಇನ್ನೂ ಹೇಳುವುದಿತ್ತು, ಕೈ ಇಳಿಸಲಿಲ್ಲ.